ಸುಮ್ಮನೆ ಕೂರುವವರ ಗುಂಪು

೨೦೧೪ರ ಜೂನ್. ನವಿ ಮುಂಬೈನ ಖಾರಘರದ ಆಸ್ಪತ್ರೆಯೊಂದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇರುವವರ ಅಧ್ಯಯನ ನಡೆದಿತ್ತು. ಒಂದು ಗುಂಪಿಗೆ ಹನ್ನೆರಡು ವಾರ ವ್ಯಾಯಾಮ, ಇನ್ನೊಂದಕ್ಕೆ ಏನೂ ಇಲ್ಲ; ಕೊನೆಗೆ ಎರಡೂ ಗುಂಪಿನವರ ರಕ್ತವನ್ನು ಹೋಲಿಸಿ ನೋಡುವುದು. ಮೊಣಕಾಲು ತೋರಿಸಲು ಬಂದಿದ್ದ ಮೈಸೂರಿನ ಸರಳಾ ಗೋಡೆಗೆ ಅಂಟಿಸಿದ್ದ ಪ್ರಕಟಣೆಯಲ್ಲಿ ಇದನ್ನು ಓದುತ್ತಿದ್ದಾಗ ಪಕ್ಕದ ಬೆಂಚಿನಿಂದ ಉಡುಪಿ ಕಡೆಯ ಕನ್ನಡ ಕೇಳಿಸಿತು. ಗಂಡ ಹೆಂಡತಿ.

“ಸೈಕಲ್ ತುಳಿದದ್ದು ಡಾಕ್ಟ್ರ ಹತ್ರ ಹೇಳ್ಬೇಡ ಮಾರಾಯ್ತಿ.”

“ನನ್ನನ್ನು ಹಾಕಿದ್ದು ಸುಮ್ಮನೆ ಕೂರುವ ಗುಂಪಿಗೆ. ನೀವು ಮನೆಗೇ ವ್ಯಾಯಾಮದ ಸೈಕಲ್ ತಂದ್ರಿ.”

“ಮತ್ತೆಂತ, ನಿನ್ನನ್ನು ನೋಡ್ತಾ ಕೂರ್ಬೇಕಿತ್ತಾ?”

“ಹೂಂ. ನಮ್ಮ ಗುಂಪಿನ ಕೆಲಸ ಅದೇ ಮಾರಾಯ್ರೆ, ಸುಮ್ಮನೆ ಕೂರುವುದು.”

“ಹೇಳಿದ್ರೆ ಹೆಸರು ತೆಗೀತಾರೆ. ಮುಂದಿನ ತಿಂಗಳಿಂದ ನಿಮ್ಮ ಗುಂಪಿಗೂ ಫುಕಟ್ ಫಿಸಿಯೋ ಉಂಟು, ಅದೂ ಹೋಗ್ತದೆ.”

“ಗೊತ್ತುಂಟು.”

“ಕಾಲು ಸ್ವಲ್ಪವಾದ್ರೂ ಗುಣ ಉಂಟಾ?”

“ಇಲ್ಲ. ಜೋಮು ಹಾಗೇ ಉಂಟು. ಆದ್ರೆ ರಕ್ತದಲ್ಲಿ ಏನಾದ್ರೂ ಬದಲಾಗಿದ್ರೆ?”

“ಒಳ್ಳೇದೇ ಅಲ್ವಾ?”

“ಸುಮ್ಮನೆ ಕೂತವಳ ರಕ್ತವೂ ಸುಧಾರಿಸ್ತದೆ ಅಂತ ಬರೀತಾರೆ. ಅದನ್ನು ಓದಿ ಇನ್ನೊಬ್ಬಳು ಸುಮ್ಮನೆ ಕೂರ್ತಾಳೆ.”



ನರ್ಸ್ ಬಾಗಿಲಿಗೆ ಬಂದು ಒಳಗೆ ಬನ್ನಿ ಎಂದು ಮರಾಠಿಯಲ್ಲಿ ಕರೆದಳು. “ಜಲಜಾಕ್ಷಿ ತಾಈ, ಆತ ಯಾ.”

ಹೆಂಡತಿ ಬಗ್ಗಿ, ಪಾದ ಚಪ್ಪಲಿಯೊಳಗೆ ಹೋಗಿದೆಯೇ ಎಂದು ಕಣ್ಣಿನಿಂದಲೇ ನೋಡಿಕೊಂಡು ಎದ್ದಳು. ಗಂಡ ಅವಳ ಕೈಯಿಂದ ಫೈಲ್ ತೆಗೆದುಕೊಂಡು ಮುಂದೆ ನಡೆದ.

“ನಿಲ್ಲು, ನಾನೇ ಹೇಳ್ತೇನೆ. ತುಳಿಸಿದ್ದು ನಾನಲ್ವಾ.”