ಬೀಗರೂಟದ ದಿನ ದವಡೆ ಹಲ್ಲು

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಚನ್ನರಾಯಪಟ್ಟಣದ ಮೋಟಾರು ಸ್ಟ್ಯಾಂಡಿನಲ್ಲಿ ಬಟ್ಟೆ ಅಂಗಡಿಯ ಪದ್ಮರಾಜಯ್ಯ ಬಾಗೂರಿನ ಬಸ್ಸಿಗೆ ಕಾದು ಕಾದು ರೇಗಿಹೋಗಿದ್ದರು. ಅದರ ಮೇಲೆ, ಪಕ್ಕದಲ್ಲೇ ಸಣ್ಣೇಗೌಡನಿಗೂ ಅವನ ಹೆಂಡತಿ ಪುಟ್ಟತಾಯಮ್ಮನಿಗೂ ಜಗಳ.

“ಹಾಸನದ ಬಸ್ಸು ಬಂತು, ಹತ್ತಿ,” ಅಂದಳು ಪುಟ್ಟತಾಯಮ್ಮ.

“ನೋವೇ ಇಲ್ವಲ್ಲಮ್ಮಿ, ಡಾಕ್ಟ್ರತ್ರ ಯಾಕೋಗ್ಲಿ? ಹಿರೀಸಾವೇಲಿ ಬೀಗ್ರೂಟ ಅದೆ.”

“ನರ ಸಾಯ್ಲಿ ಅಂತ ಔಸ್ದಿ ಇಟ್ಟವ್ರೆ, ಅದ್ಕೇ ನೋವಿಲ್ಲ. ಹಲ್ಲೇನು ವಾಸಿಯಾಗಿಲ್ಲ. ಇವತ್ತು ಔಸ್ದಿ ತಗ್ದು, ಬೇರೊಳ್ಗೆ ತೊಳ್ದು ಮುಚ್ಚಬೇಕಂತೆ.”

“ನಾಳಿದ್ದು ಮುಚ್ಲಿ.”

“ಅಷ್ಟೊತ್ಗೆ ಕೀವು ತುಂಬಿ ದವ್ಡೆ ಊದ್ಕತದೆ. ಆ ಹಲ್ಲಲ್ಲಿ ಗಟ್ಟಿ ಕಡುದ್ರೆ ಸೀಳೋಯ್ತದೆ ಅಂತ್ಲೂ ಹೇಳವ್ರೆ.”

“ಮೂಳೆ ಕಡೀದೆ ಬೀಗ್ರೂಟ ಉಣ್ಣಕೆ ನಾನೇನು ಜೈನ್ರ ಮನೆ ಅಳಿಯನಾ?”

ಪದ್ಮರಾಜಯ್ಯ ಜೋರಾಗಿ ಕೆಮ್ಮಿದರು.

“ತಪ್ಪು ತಿಳೀಬ್ಯಾಡಿ ಪದ್ಮರಾಜಯ್ನೋರೇ. ಅವತ್ತೇ ಕೀಳ್ಸಿದ್ರೆ ಈ ರಗಳೇನೇ ಇರ್ನಿಲ್ಲ.”

“ಹಲ್ಲೋದ್ರೆ ಬಾಡು ತಿನ್ನದೆಂಗೆ, ಉಳ್ಸಿಕೊಡಿ ಸಾ ಅಂತ ಡಾಕ್ಟ್ರ ಮುಂದೆ ಅತ್ತೋರ್ಯಾರು? ನಾನಾ?”

“ಊರೆಲ್ಲಾ ಕೇಳುಸ್ಕತದೆ, ಮೆಲ್ಲುಕೆ! ನಾನಂತೂ ಬರಕಿಲ್ಲ.”

ಪುಟ್ಟತಾಯಮ್ಮ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಬಸ್ಸು ಅಲುಗಿತು. ಗೌಡ ಸೊಂಟ ತಡವಿಕೊಂಡ.

“ಲೇ, ನನ್ನ ಎಲೆಅಡ್ಕೆ ಚೀಲ!”

“ನನ್ತಾವದೆ. ಹಲ್ಲು ಮುಚ್ಚಿಸ್ಕಂಡ್ಮೇಲೆ ಇಸ್ಕಳಿ.”

ಹಲ್ಲಿಗಾಗಿ ಜಗ್ಗದ ಗೌಡ ಚೀಲಕ್ಕಾಗಿ ಪಂಚೆ ಎತ್ತಿಕೊಂಡು ಓಡಿ ಬಸ್ಸು ಹತ್ತಿದ.