ಚಂಪಾನ ಅವಗುಣಗಳು

…ಅಲ್ರೀ ಶೀಲಾವತಿಬಾಯಿ, ಇದರಾಗ ನಗೂದೇನದ? ನಾ ಹುಡಿಗಿ ಮ್ಯಾಲೆ ಚಾಡಿ ಹೇಳಲಿಕ್ಕತ್ತೀನಿ, ನೀವು ಸೆರಗು ಬಾಯಿಗೆ ಒತ್ತಿಕೊಂಡು ನಗಲಿಕ್ಕತ್ತೀರಿ! ಬೆಲ್ಲ ಕದೀತಾಳ ಅಂದ್ನಿ. ಚೂರುಪಾರು ಅಲ್ರೀ, ಅಚ್ಚಿಗೆ ಅಚ್ಚು! ರೇಶನ್ ಅಂಗಡ್ಯಾಗ ಸಕ್ಕರಿ ಸಿಗದಂಥಾ ಈ ದಿನದಾಗ, ಇಡೀ ಆಶ್ರಮದ ಚಹಾದ ಬೆಲ್ಲ ಈಕಿ ಫ್ರಾಕಿನ ಕಿಸೆದಾಗ ಇರತದ. ಮುಂದ ಈಕಿ, ಹಿಂದ ಇರಿವಿ ಸಾಲು. ಎಲ್ಲೆ ಅಡಗಿಕೊಂಡಾಳ ಅಂತ ನಾವು ಹುಡುಕೂದ ಇಲ್ಲ. ಇರಿವಿ ಬೆನ್ನು ಹತ್ತಿದ್ರ ಆತು… ನೋಡ್ರಿ, ಮತ್ತ ನಕ್ರಿ!

ಚಹಾ ತಗೋರಿ. ಆರಿ ಹೋಗತದ.

ನೋಡ್ರಿ, ನಿಮ್ಮದು ದಹಿಸರದಾಗ ಹೋಟೆಲ್ ಅದ. ನಿಮ್ಮ ಯಜಮಾನರು ಕಾಂತಪ್ಪನವರು ಉಡುಪಿ ಕಡಿಂದ ಸಣ್ಣವರಿದ್ದಾಗ ಬಂದು, ಮೈ ಮುರದು ದುಡದು ಕಟ್ಟಿದ್ದು. ಮಕ್ಕಳಿಲ್ಲ, ಒಂದು ಹೆಣ್ಣು ಕೂಸು ದತ್ತಕ ತಗೋತೀವಿ ಅಂತ ಬಂದ್ರಿ. ನಮ್ಮ ಚಂಪಾನ ಮ್ಯಾಲೆ ನಿಮ್ಮ ಮನಸಾತು. ಕೋರ್ಟಿನ ಅಪ್ಪಣೆನೂ ಆತು. ಇವತ್ತ ಕರಕೊಂಡು ಹೋಗಲಿಕ್ಕೆ ಟ್ಯಾಕ್ಸಿ ತಂದು ಬಾಗಿಲಾಗ ನಿಲ್ಲಿಸೀರಿ. ಎಲ್ಲಾ ಖರೇ. ಇನ್ನ ಉಳದದ್ದು ನನ್ನ ಸಹಿ ಒಂದ. ಮಾಡ್ತೀನ್ರಿ, ಯಾರು ಒಲ್ಲೆ ಅಂದ್ರು? ಆದರ, ಕನ್ಯಾ ತೋರಸೂವಾಗ ಹಡದವರು ಬರೇ ಗುಣಾ ಹೇಳ್ತಾರಲ್ಲ, ನಾ ಆ ಪೈಕಿ ಅಲ್ಲ. ಅವಗುಣ ಮೊದಲ ಹೇಳ್ತೀನಿ. ಧಾರವಾಡದಾಗ ಬಿ.ಎ. ಮಾಡಿದಾಕಿ ನಾನು. ಲಾಜಿಕ್ಕಿನಾಗ ಕ್ಲಾಸಿಗೇ ಮೊದಲು! ಈ ಗೋರೆಗಾಂವದಾಗ ಆಶ್ರಮ ತಗದಾಗಿಂದ, ಯಾವ ಹುಡಿಗಿದು ಯಾವ ಹಲ್ಲು ಯಾವತ್ತ ಬಿತ್ತು ಅನ್ನೂದರ ತನಕ ಬರದಿಟ್ಟೀನಿ. ಈ ಕಸ್ತೂರಿಬಾಯಿ ಬಾಯಾಗ ಸುಳ್ಳು ಬರೂದಿಲ್ಲ.

ಏನು? ಆಕಿ ತಲಿ? ಹೌದು, ಬಾಚಿಲ್ಲ ಇವತ್ತ. ಗುಬ್ಬಿ ಗೂಡು ಆಗೇದ. ಮುಂಜಾನೆ ನಳಕ್ಕ ನೀರು ಬರಲಿಲ್ರೀ… ಉಳದವರದು? ಉಳದವರು… ಅವರು ಲಗೂನ ಎದ್ದಿದ್ರು. ಮಾರಿಗೆ ಮಸಿ ಹತ್ತೇದ? ಹತ್ತೇದಲ್ಲ! ಹುಡುಗ್ರು, ಒಲಿ ಕಡೆ ಹೋಗಿರಬೇಕು. ಹರದ ಫ್ರಾಕ ಆಕಿನ ಹುಡುಕಿ ಹಾಕೊಂಡಾಳ, ನಾ ಕೊಟ್ಟಿಲ್ಲ. ಯಾಕ, ಅಡಗಿ ಗಂಗುಬಾಯಿ ಮಾರಿ ಏನು ನೋಡ್ತೀರಿ? ಆಕಿ ನಗಲಿಕ್ಕತ್ತಿಲ್ಲ. ಆಕಿಗೆ ಕೆಮ್ಮಾಗೇದ. ಗಂಗುಬಾಯೀ, ನೀ ಒಳಗ ನಡಿ, ನಿನ್ನ ಸಾರು ಉಕ್ಕತದ!

ಹಾಂ, ಎಲ್ಲಿದ್ದೆ? ಅವಗುಣ ಎರಡನೇದು. ದೊಡ್ಡವರು ಅಂದ್ರ ಹೆದರಿಕಿ ಇಲ್ಲ. ಹೋದ ದೀಪಾವಳಿಗೆ ಒಬ್ರು ಶೇಟ್‌ಜಿ ಬಂದಿದ್ರು. ಹುಡಿಗ್ಯಾರಿಗೆಲ್ಲಾ ಹೊಸಾ ಅರಿವಿ, ಜಿಲೇಬಿ. ಪಾಪ, ಕೊಟ್ಟವರಿಗೆ ಮಾತಾಡೂ ಹಕ್ಕು ಇರತದಲ್ಲ. ಮಾತಾಡಿದ್ರು, ಮಾತಾಡಿದ್ರು… ಜಿಲೇಬಿ ಮ್ಯಾಲೆ ನೊಣ ಕೂಡಲಿಕ್ಕೆ ಶುರು ಆದ್ವು. ಶೇಟ್‌ಜಿ ಇನ್ನೂ ತಮ್ಮ ಅಜ್ಜನ ಕಾಲದಾಗ ಇದ್ರು. ಈಕಿ ಎದ್ದು ನಿಂತು ಚಟಚಟ ಚಪ್ಪಾಳಿ ತಟ್ಟಿದ್ಲು! ಉಳದ ಹುಡಿಗ್ಯಾರೂ ತಟ್ಟಿದ್ರು. ಭಾಷಣ ಮುಗೀತು ಅಂತ ತಿಳದು, ಅವರು ಕೈ ಮುಗದು ಕೂತ ಬಿಟ್ರು! ನಾ ಏನು ಮಾಡಲಿ? ನಾನೂ… ಮರ್ಯಾದಿ ಸಲುವಾಗಿ ತಟ್ಟಿದೆ. ಸ್ವಲ್ಪ ಜೋರಾಗೇ ತಟ್ಟಿದೆ ಅನ್ರಿ. ಇರ್ಲಿ, ಮಾತು ನನ್ನದಲ್ಲ, ಆಕಿದು.

ಮತ್ತ ಆಕಿ ಭಾಷಾ! ನಾ ಇಲ್ಲೆ ಶುದ್ಧ ಕನ್ನಡ ಕಲಸಲಿಕ್ಕೆ ಗಂಟಲು ಹರಕೋತೀನಿ, ಆಕಿ ಅಡಗಿಮನ್ಯಾಗ ಹೋಗಿ “ಗಂಗುಬಾಯಿ, ಜಲ್ದಿ ಭಾಕರಿ ದೇ ನಾ, ಹೊಟ್ಟಿ ಹಸದದ” ಅಂತಾಳ. ಒಂದ ಉಸುರಿನ್ಯಾಗ ಮೂರು ಭಾಷಾ! ಭಾಜಿ ಮಾರೂವನ ಜೋಡಿ ಮರಾಠಿಯೊಳಗ ಜಗಳಾ ತಗದು ಕೊತ್ತಂಬರಿ ಪುಕ್ಕಟ ತರತಾಳ… ಏ, ಕಣ್ಣು ಹಂಗ ಅರಳಿಸಬ್ಯಾಡ್ರಿ! ಹೋಟೆಲಿನ ಗಲ್ಲಾದ ಮ್ಯಾಲೆ ಕೂಡಸೂ ವಿಚಾರ ನಡಸೀರೇನು? ಐದು ವರ್ಷದ ಕೂಸದು!

ಅವಗುಣ ಹೇಳಿದಷ್ಟೂ ಈ ಹೆಣ್ಣಮಗಳ ಮಾರಿ ಅರಳತದಲ್ಲಪ್ಪ ದೇವರ…

ಒಂದು ಮಾತು ಹೇಳ್ಲೆ? ಅಲ್ಲೆ ತುಳಸಿಕಟ್ಟಿ ಹಂತ್ಯಾಕ ಕೂತು ಗೋಧಿ ಹಸನ ಮಾಡಲಿಕ್ಕತ್ತಾಳಲ್ಲ, ಆಕಿ ಸುಮನಾ. ಬಂಗಾರದಂಥಾ ಹುಡಿಗಿ. ಕೂಡು ಅಂದ್ರ ಕೂಡತಾಳ, ಏಳು ಅಂದ್ರ ಏಳತಾಳ. ಆಕಿಗೂ ಒಂದು ಮನಿ ಬೇಕಲ್ರೀ. ಇನ್ನೊಮ್ಮೆ ವಿಚಾರ ಮಾಡ್ರಿ. ಯಜಮಾನರನ್ನೂ ಕೇಳ್ರಿ. ಎಲ್ಲಿದ್ದಾರ ಅವರು? ಅಂಗಳದಾಗ… ಅಯ್ಯ ಅಯ್ಯ! ಕಾಂತಪ್ಪನವರು ಕುದುರಿ ಆಗ್ಯಾರ! ಬಿಳೇ ಅಂಗಿ ಮ್ಯಾಲೆ ಚಂಪಾನ ಮಣ್ಣುಗಾಲು! ನೀವರೆ ಬೈರಿ ಅವರಿಗೆ. ಇಸ್ತ್ರಿ ಮಾಡಿದ ಅಂಗಿ… ನೀವೂ ನಗ್ತೀರಿ! ಇಬ್ಬರೂ ಒಂದ ಗಾಣದ ಎಣ್ಣಿ.

ಹಂಗ್ಯಾಕ ನೋಡ್ತೀರಿ ನನ್ನ? ಈಕಿ ಮ್ಯಾಲೆ ನನಗ ಜಾಸ್ತಿ ಜೀವ ಅಂತೇನು? ಛೇ ಛೇ! ಅಗದಿ ಸುಳ್ಳು. ಸ್ಟೇಷನ್ನಿನ್ಯಾಗ ಸಿಕ್ಕ ಕೂಸು ಅಂತ ಪೋಲೀಸರು ತಂದು ಕೊಟ್ರು, ಇಟಗೊಂಡೆ, ಹಾಲು ಹಾಕಿದೆ, ಅಷ್ಟ. ನನಗ ಎಲ್ಲಾರೂ ಒಂದ. ಗ್ವಾಡಿ ಮ್ಯಾಲೆ ನಿಯಮ ಹಚ್ಚೀನಿ, ಓದ್ರಿ ಬೇಕಾರ. ಹುಡಿಗ್ಯಾರೆಲ್ಲಾ ದೊಡ್ಡ ಹಾಲಿನ್ಯಾಗ, ಸಾಲಾಗಿ, ಚಾಪಿ ಮ್ಯಾಲೆ ಮಲಗಬೇಕು. ಬಾಯಾರ ಖೋಲಿಯೊಳಗ, ಅಂದ್ರ ನನ್ನ ಖೋಲಿಯೊಳಗ, ಯಾರೂ ಮಲಗೂ ಹಂಗಿಲ್ಲ. ಒಬ್ಬಾಕಿಗೆ ಸಲಿಗಿ ಕೊಟ್ರ ಉಳದವರ ಹೊಟ್ಟಿ ಉರೀತದ. ನನ್ನ ಕೈಲೆ ಬರದದ್ದು ಅದು.

ಇರ್ರಿ, ಏಳಬ್ಯಾಡ್ರಿ. ದೊಡ್ಡ ಅವಗುಣ ಇನ್ನೂ ಹೇಳಿಲ್ಲ. ಇದನ್ನ ಕೇಳಿದ್ರ ನೀವ ಟ್ಯಾಕ್ಸಿ ತಿರುಗಸ್ತೀರಿ, ನೋಡ್ರಿ. ನಿದ್ದಿ! ನಿದ್ದ್ಯಾಗ ಒದೀತಾಳ್ರೀ. ಕತ್ತಿ ಒದ್ದಂಗ ಒದೀತಾಳ. ಹೊದಿಕಿ ಎಲ್ಲಾ ತನ್ನ ಕಡೆ ಎಳಕೋತಾಳ. ಸರಿದು ಸರಿದು ಮಂಚದ ತುದಿಗೆ ಒಬ್ಬರನ್ನ ನೂಕಿ, ತಾ ನಡುವ ಅಡ್ಡಡ್ಡ ಬೀಳತಾಳ. ಅದೂ ಹೋಗ್ಲಿ. ಕಿವಿ ಹಿಡೀದ ನಿದ್ದಿ ಹತ್ತೂದಿಲ್ಲ! ಎರಡು ಬೆರಳಿನ್ಯಾಗ ಕಿವಿ ಹಾಲಿ ಹಿಡದು ತಿರವತಾಳ… ಹಿಂಗ… ಮೆಲ್ಲಕ… ತಿರುವಿ ತಿರುವಿ, ಆಮ್ಯಾಲೆ ಬೆರಳು ಸಡ್ಲಾಗತಾವ, ಆವಾಗ ತಿಳೀಬೇಕು ಮಲಗಿದ್ಲು ಅಂತ. ಉಸುರು ಹಗೂರಾಗತದ… ಬೆಲ್ಲದ ವಾಸನಿ…

ಯಾಕ, ಈಗ ನಗವಲ್ರಿ?

ಇಷ್ಟೊತ್ತು ನಕ್ಕೀರಿ, ನಗ್ರಿ ಈಗ.

ಯಾರ ಕಿವಿ ಅಂದ್ರ… ಬಾಜೂಕ ಯಾರರೆ ಮಲಗಿರತಾರಲ್ಲ, ಅವರದು. ಮಂಚ? ಮಂಚ ಅಂದ್ನೇನು ನಾ? ಚಾಪಿ, ಚಾಪಿ ಅನ್ನಬೇಕಾಗಿತ್ತು. ಗಂಗುಬಾಯಿ ಹೇಳಿದ್ಲು ಇದೆಲ್ಲಾ ನನಗ. ನಾ ಎಲ್ಲೆ ನೋಡಲಿಕ್ಕೆ ಹೋಗ್ಲಿ?

ಏನು ನೋಡಲಿಕ್ಕತ್ತೀರಿ? ನನ್ನ… ಓ, ಇದೇನು? ಮುತ್ತಿನ ಬೆಂಡೋಲಿ. ನಮ್ಮ ಅವ್ವಂದು. ಹೌದು, ಬಲಗಿವ್ಯಾಗ ಅಷ್ಟ ಅದ. ಎಡಗಡಿದು… ತಿರುಪು ಸಡ್ಲಾಗಿತ್ತು. ಅಕ್ಕಸಾಲಿಗ್ಯಾನ ಕಡೆ ಕೊಟ್ಟೀನಿ. ಅಂವಾ ಕೊಡವಲ್ಲ. ಭಾಳ ದಿನ ಆತು.

ಎಡಗಿವಿ ಕೆಂಪಾಗೇದ? ಸೊಳ್ಳಿ ಕಡದಿರಬೇಕು.

…

ಇತ್ತ ಕೊಡ್ರಿ ಆ ಪೆನ್ನು. ಎಲ್ಲೆ ಮಾಡ್ಬೇಕು? ಇಲ್ಲೆ? …ಹೂಂ. ಆತು.

ಬೆಂಡೋಲಿ ಚುಚ್ಚತದ್ರೀ ಆಕಿ ಬೆರಳಿಗೆ. ಇವತ್ತ ನೀವು ಮಲಗೂ ಮುಂದ ಕಿವ್ಯಾಗಿಂದು ತಗದಿಡ್ರಿ. ಎರಡೂ ಬ್ಯಾಡ. ಎಡಗಿವೀದು ಅಷ್ಟ. ಬಲಗಿವಿ ಕೊಟ್ರ ಆಕಿ ಅಳತಾಳ.