ಕರೀ ನಾಯಿ ಒಪ್ಪಿದ ಹೆಸರು

ಮೊದ್ಲು ಆ ಮೊಬೈಲ್ ಟಾರ್ಚ್ ಆರಿಸು, ಕಣ್ಣಿಗೆ ಹೊಡೀತದೆ. ನಗೋರು ಯಾರಾದ್ರೂ ಇದ್ರೆ ಈಗ್ಲೇ ಎದ್ದು ಒಳಗೋಗಿ ಮಲಕ್ಕೊಳ್ಳಿ. ಮಧ್ಯದಲ್ಲಿ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಸಿಬಿಡ್ತೀನಿ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ಮೇಲೂರಲ್ಲಿ ನಮ್ಮ ಪಕ್ಕದ ಮನೇಲಿ ನಮ್ಮ ದೊಡ್ಡಮ್ಮ ಅಮ್ಮಾಜಮ್ಮ ಇದಾಳಲ್ಲ... ಅವಳಿಗಾಗಿದ್ದು. ಪಕ್ಕದಲ್ಲಿ ನಾನೇ ನಿಂತಿದ್ದೆ.

ಹೋದ ವರ್ಷ ಕಾರ್ತೀಕ ಮಾಸ. ದೊಡ್ಡಮ್ಮನ ರೇಷ್ಮೆ ಹುಳು ಎರಡನೇ ಜ್ವರ ಎದ್ದಿದ್ವು, ಅಂದ್ರೆ ಎರಡನೇ ಸಲ ಪೊರೆ ಬಿಟ್ಟಿದ್ವು. ಅಲ್ಲಿಂದ ಗೂಡು ಕಟ್ಟೋವರೆಗೂ ಅವಕ್ಕೆ ರಾಕ್ಷಸ ಹಸಿವು, ರಾತ್ರಿ ಹತ್ತಕ್ಕೂ ಸೊಪ್ಪು ಹಾಕ್ಬೇಕು. ಹುಳುಮನೆ ಇರೋದು ತೋಟದಲ್ಲಿ, ಊರಿಂದ ಹತ್ತು ನಿಮಿಷದ ದಾರಿ. ಸೊಪ್ಪು ಹಾಕಿ, ಬೀಗ ಹಾಕಿ, ನಾವಿಬ್ರೂ ವಾಪಸ್ ಹೊರಡೋವಾಗ ಹತ್ತೂಮುಕ್ಕಾಲು. ದಾರೀಲಿ ಒಂದು ಹಳೇ ಕಲ್ಲುಬಾವಿ. ಹೂಳು ತುಂಬಿ ಯಾವ ಕಾಲವೋ ಆಯ್ತು, ಹಗಲಲ್ಲೂ ಅತ್ತ ಯಾರೂ ಹೋಗಲ್ಲ.

ಆ ಬಾವಿ ದಾಟಿದ್ವಿ ನೋಡಿ... ಹಿಂದೆ ಟಕ್... ಟಕ್... ಟಕ್... ಉಗುರು ಕಲ್ಲಿಗೆ ತಾಗೋ ಸದ್ದು.

"ತಿರುಗ್ಬೇಡ ಕಣೇ," ಅಂದ್ಲು ದೊಡ್ಡಮ್ಮ ಪಿಸುಮಾತಲ್ಲಿ.

"ಯಾಕೆ?"

"ತಿರುಗ್ಬೇಡ ಅಂದೆ."

ಮನೆ ಲೈಟಿನ ಕೆಳಗೆ ಬಂದ್ಮೇಲೆ ನೋಡಿದ್ರೆ ನಾಯಿ. ಒಂದು ಬಿಳೀ ಕೂದಲಿಲ್ಲ ಮೈಮೇಲೆ, ಅಷ್ಟು ಕಪ್ಪು. ಪಾಪದ್ದು. ದೊಡ್ಡಮ್ಮ ಮುದ್ದೆ ಮುರಿದು ಹಾಲಲ್ಲಿ ಕಲಸಿ ಹಾಕಿದ್ಲು. ಅಲ್ಲಿಗೆ ಅದು ಅವಳ ನಾಯಿ ಆಯ್ತು.

ಈಗ ಹೇಳಿ, ಒಂದು ನಾಯಿಗೆ ಹೆಸರಿಡೋದು ಎಷ್ಟೊತ್ತಿನ ಕೆಲ್ಸ? ಹನ್ನೆರಡು ದಿನ ಒದ್ದಾಡಿದ್ರೂ ಆಗ್ಲಿಲ್ಲ ನಮಗೆ. ಹನ್ನೆರಡು! ಕರಿಯ ಅನ್ನಣ ಅಂದೆ. ದೊಡ್ಡಮ್ಮನ ಮಗ ರಮೇಶ್‌ಬಾಬು, "ಸೊಪ್ಪು ಕೊಯ್ಯಕ್ಕೆ ಕರಿಯಪ್ಪ ದಿನಾ ಬರ್ತಾನೆ, ಅವನೆದುರಿಗೆ ಹೆಂಗೆ ಕೂಗ್ತೀಯ?" ಅಂದ. ಸರಿ, ಭೈರ? "ಮನೆದೇವ್ರ ಹೆಸರು, ಬಾಯಿ ತೊಳ್ಕೋ," ಅಂದ್ಲು ದೊಡ್ಡಮ್ಮ. ರಾಜು ಅಂದಿದ್ದಕ್ಕೆ ಸೊಸೆ ಶೋಭಾರಾಣಿ ಮುಖ ಊದಿಸ್ಕೊಂಡ್ಲು, ಅವಳಣ್ಣನ ಹೆಸರಂತೆ. ಟೈಗರ್ ಅಂತ ಕೂಗಿದ್ರೆ ಬೀದಿಯಿಂದ ನಾಲ್ಕು ಟೈಗರ್ ಓಡಿಬಂದ್ವು, ನಮ್ಮದೊಂದು ಬಿಟ್ಟು. ಬ್ಲ್ಯಾಕಿ, ಮೋತಿ, ರಾಕಿ, ಎಲ್ಲಾ ಮುಗೀತು. ಕಿವಿ ಸಹ ಅಲ್ಲಾಡಿಸ್ಲಿಲ್ಲ ಅದು. ಕಿವುಡೇನೋ ಅಂದ್ಕೊಂಡೆ. ಎಲ್ಲಿಯ ಕಿವುಡು! ಒಳಗೆ ಹಾಲಿನ ಪಾತ್ರೆ ಮುಚ್ಚಳ ಟಣ್ ಅಂದ್ರೆ ಎದ್ದು ನಿಲ್ತಿತ್ತು. ಬೇಕಂತಲೇ ಮಾಡ್ತಿತ್ತು, ಹಾಳಾದ್ದು. ನನಗೆ ತಲೆ ಚಿಟ್ಟು ಹಿಡಿದುಹೋಯ್ತು.

ಹೆಸರಿಲ್ದಿದ್ರೆ ಏನು ಮುಳುಗೋಯ್ತು ಅಂತೀರಾ? ಅದೇ ತಿಂಗಳು ನಮ್ಮ ಕಡೆ ಚಿರತೆ ಇಳಿದಿತ್ತು. ತೋಟದ ಮನೆಗಳಿಂದ ಎರಡು ನಾಯಿ ಹೊತ್ಕೊಂಡು ಹೋಗಿತ್ತು. ಊರಿನ ನಾಯಿಗಳೆಲ್ಲ ಕತ್ತಲಾದ್ರೆ ಮಂಚದ ಕೆಳಗೆ ಸೇರ್ತಿದ್ವು. ಇದು ಮಾತ್ರ ದಿನಾ ರಾತ್ರಿ ನಮ್ಮ ಜೊತೆ ವಾಪಸ್ ಬರೋವಾಗ ಬಾವಿ ಕಟ್ಟೆ ಏರಿ ಕೂತ್ಕೊಂಡ್ಬಿಡ್ತಿತ್ತು. ಕೂಗಿದ್ರೆ ಬರಲ್ಲ. ಹಗ್ಗ ಹಾಕಿದ್ರೆ ಅಗಿದು ಹಾಕ್ತದೆ. ಬೆಳಗಿನ ಜಾವ ಯಾವಾಗ್ಲೋ ಬಂದು ಮಲಗ್ತಿತ್ತು. ಅಲ್ಲಿವರೆಗೂ ದೊಡ್ಡಮ್ಮನಿಗೆ ನಿದ್ದೆ ಇಲ್ಲ. ದೊಡ್ಡಪ್ಪ ಹೋಗಿ ಮೂರು ವರ್ಷದಲ್ಲಿ ಅವಳು ಪಕ್ಕದಲ್ಲಿ ಕೂತು ತಿನ್ಸಿದ್ದು ಅದೊಂದಕ್ಕೇ. "ಇದನ್ನೂ ಕಳ್ಕೊಂಡ್ರೆ ನನ್ನ ಕೈಲಾಗಲ್ಲ ಕಣೇ ಕಲ್ಯಾಣಿ," ಅಂದಿದ್ಲು ಒಂದಿನ. ಅದಕ್ಕೇ ಹೆಸರು ಬೇಕಾಗಿತ್ತು. ಕರೆದ್ರೆ ಬರೋ ಅಂಥಾ ಒಂದು ಹೆಸರು, ಅಷ್ಟೇ.

ಹದಿಮೂರನೇ ದಿನ ನನಗೆ ಮದುವೆ ಬ್ಲೌಸು ಹೊಲಿಯೋದಿತ್ತು, ಹೋಗ್ಲಿಲ್ಲ. ದೊಡ್ಡಮ್ಮ ಒಬ್ಳೇ ಹೋದ್ಲು. ಬಂದಾಗ ಮುಖ ಕೆಂಡ. ಅವಳಿಗೆ ಕೋಪ ಬಂದ್ರೆ ತೆಲುಗು.

"ಎವತೆ ಅದಿ? ಯಾವಳೇ ಅವಳು?"

"ಯಾರು ದೊಡ್ಡಮ್ಮ?"

"ಬಾವಿ ಹತ್ರ ಯಾವಳೋ ಕೂಗ್ತಾಳೆ... ಅವ್ರ ಹೆಸರು ಹಿಡ್ಕೊಂಡು!"

ಅವ್ರು ಅಂದ್ರೆ ದೊಡ್ಡಪ್ಪ. ದೊಡ್ಡಪ್ಪನ ಹೆಸರು ರಾಮಾಂಜಿನಪ್ಪ. ನಾನು ಹೇಳಬಹುದು, ದೊಡ್ಡಮ್ಮ ಹೇಳಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರ್ದು ಅಂತ ಅವರಮ್ಮ ಕಲಿಸಿದ್ದು. ನಲವತ್ತೊಂದು ವರ್ಷ ಸಂಸಾರ ಮಾಡಿದಾಳೆ, ಒಂದು ಸಲ ಅಂದೋಳಲ್ಲ. ಬ್ಯಾಂಕಲ್ಲಿ ಗಂಡನ ಹೆಸರೇನಮ್ಮ ಅಂದ್ರೆ ಮಗನ ಕಡೆ ಕೈ ತೋರಿಸ್ತಾಳೆ. ಆಂಜನೇಯನ ಗುಡಿಗೆ ಹೊರಟ್ರೂ "ಆ ಬಾಲದ ದೇವ್ರ ಗುಡಿಗೆ" ಅಂತಾಳೆ. ಅಂಥೋಳು ಸಾಕಿದ ನಾಯೀನ ಯಾವಳೋ ಬಂದು ಅವಳ ಗಂಡನ ಹೆಸರಲ್ಲಿ ಕರೆದ್ರೆ ಹೆಂಗಿರ್ಬೇಕು? ಹ್ಞೂಂ, ನಾಯೀನೇ ಕರೆದಿದ್ದು. "ಆ ಹೆಸರಿಗೆ ಬಾಲ ಅಲ್ಲಾಡಿಸ್ಕೊಂಡು ಹೋಯ್ತು ಕಣೇ ಈ ಮುಂಡೇದು! ನಾನು ಗಂಟ್ಲು ಹರ್ಕೊಂಡ್ರೂ ತಿರುಗಿ ನೋಡ್ಲಿಲ್ಲ!" ರಮೇಶ್‌ಬಾಬು ನಕ್ಕುಬಿಟ್ಟ. ಹುಳುಮನೆ ಸುಣ್ಣದ ಘಾಟು ತಲೆಗೇರಿದೆ ಅಂದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೇ ರಾತ್ರಿ ನಾನೂ ಹೋದೆ. ಹುಳ ಸೊಪ್ಪು ತಿನ್ನೋ ಚರಚರ ಸದ್ದು ಬಾಗ್ಲು ಹಾಕಿದ್ಮೇಲೂ ಕೇಳ್ತಿತ್ತು. ದೊಡ್ಡಮ್ಮ ಬಾಯಿ ತುಂಬ ಎಲೆಅಡಿಕೆ ತುರುಕ್ಕೊಂಡು ಮುಂದೆ ಮುಂದೆ ನಡೆದ್ಲು. ನಾಯಿ ಮಧ್ಯ. ನಾನು ಹಿಂದೆ. ದೂರದಲ್ಲಿ ಯಾರದೋ ಬೋರ್‌ವೆಲ್ ಮೋಟ್ರು ಗುಂಯ್ ಅಂತಿತ್ತು...

ನಿಂತೋಯ್ತು.

ನಾಯಿ ಬಾವಿ ಕಟ್ಟೆ ಏರಿ ಕೂತ್ಕೊಂತು. ನಮಗೆ ಬೆನ್ನು ಮಾಡಿ, ಬಾವಿ ಒಳಕ್ಕೆ ನೋಡ್ತಾ. ಆಮೇಲೆ ಅದರ ಬಾಲ ಕಲ್ಲಿಗೆ ಹೊಡೆಯೋ ಸದ್ದು. ತಪ್... ತಪ್... ತಪ್...

"ರಾಮಾಂಜಿನಪ್ಪಾ..."

ಬಾವಿ ಒಳಗಿಂದ. ಮೆತ್ತಗೆ. ಊಟಕ್ಕೆ ಕರೆಯೋ ಥರ.

ತಕ್ಷಣ ದೊಡ್ಡಮ್ಮನ ಕಡೆ ತಿರುಗ್ದೆ ನಾನು. ಯಾಕೆ ಗೊತ್ತಾ? ಆ ಧ್ವನಿ ನನಗೆ ಗೊತ್ತು. ಚಿಕ್ಕೋಳಿದ್ದಾಗಿಂದ ನನ್ನ ಸ್ನಾನಕ್ಕೆ ಕರೆದ ಧ್ವನಿ, ಬೈದ ಧ್ವನಿ, ಕೊನೇಲಿ ಸ್ವಲ್ಪ ಒಡೆಯೋ ಅದೇ ಗಂಟಲು. ದೊಡ್ಡಮ್ಮನ ಧ್ವನಿ! ಟಾರ್ಚ್ ತಿರುಗಿಸಿ ದೊಡ್ಡಮ್ಮನ ಮುಖಕ್ಕೇ ಬಿಟ್ಟೆ. ಪಕ್ಕದಲ್ಲೇ ನಿಂತಿದಾಳೆ. ಕೆನ್ನೆ ಉಬ್ಬಿದೆ, ಬಾಯಿ ತುಂಬ ಎಲೆಅಡಿಕೆ, ತುಟಿ ಮುಚ್ಚಿದೆ. ಬಾವಿಯಿಂದ ಮತ್ತೆ ಬಂತು, "ರಾಮಾಂಜಿನಪ್ಪಾ... ಬಾಪ್ಪಾ..."

ಅವಳು ನನ್ನ ಕೈ ಹಿಂಡಿ, ಕೇಳಿಸ್ತಾ ಅಂತ ಕಣ್ಣಲ್ಲೇ ಕೇಳಿದ್ಲು. ಯಾವಳು ಅಂತ ಗೊತ್ತಾಯ್ತಾ ಅನ್ನೋ ಹಂಗೆ. ಅವಳಿಗೆ ಗೊತ್ತೇ ಆಗಿಲ್ಲ! ತನ್ನ ಧ್ವನಿ ಹೊರಗಿಂದ ಕೇಳಿದ್ರೆ ಯಾರಿಗೆ ಗೊತ್ತಾಗ್ತದೆ ಹೇಳಿ.

ಅಷ್ಟರಲ್ಲಿ ಹಿಂದೆ ಹಿಪ್ಪುನೇರಳೆ ಸಾಲಲ್ಲಿ... ಸರ್ರ್... ನಿಲ್ತು. ಸರ್ರ್... ಮತ್ತೆ ನಿಲ್ತು. ಆಮೇಲೆ ಗರಗಸದಲ್ಲಿ ಮರ ಕುಯ್ದ ಹಾಗೆ ಒಂದು ಉಸಿರು. ಚಿರತೆ.

"ಬಾರೋ!" ಅಂತ ನಾಯಿಗೆ ಕಿರುಚಿದೆ ನಾನು. "ಬ್ಲ್ಯಾಕೀ! ಕರಿಯಾ! ಯಾವುದೋ ಒಂದು, ಬಾರೋ ದರಿದ್ರದ್ದೇ!" ಅಳು ಬಂತು ನನಗೆ. ಅದು ಕಿವೀನೂ ಅಲ್ಲಾಡಿಸ್ಲಿಲ್ಲ. ಮುಂಗಾಲು ಎರಡೂ ಬಾವಿ ಒಳಕ್ಕೆ ಇಟ್ಟಿತ್ತು.

ದೊಡ್ಡಮ್ಮ ಥೂ ಅಂತ ಎಲೆಅಡಿಕೆ ಉಗಿದ್ಲು. ಸೆರಗಲ್ಲಿ ಬಾಯಿ ಒರೆಸ್ಕೊಂಡ್ಲು. ಬಾಯಿ ತೆಗೆದ್ಲು... ಬರ್ಲಿಲ್ಲ. ಎರಡನೇ ಸಲ ತೆಗೆದ್ಲು. "ರಾ..." ಅಂದು ನಿಂತೋಯ್ತು. ಮೂರನೇ ಸಲ ನೋಡಿ, ಆ ತೋಟ ತೋಟವೇ ಅದುರೋ ಹಾಗೆ,

"ರಾಮಾಂಜಿನಪ್ಪಾ! ಬಾ ಇಲ್ಲಿ!"

ನಾಯಿ ತಿರುಗ್ತು. ಕಟ್ಟೆಯಿಂದ ಒಂದೇ ನೆಗೆತ. ನೇರ ಬಂದು ಅವಳ ಸೀರೆ ಒಳಗೆ ತಲೆ ತೂರಿಸ್ತು. ನಾವು ಓಡಿದ್ದು ಹೆಂಗೆ ಅಂತ ಕೇಳ್ಬೇಡಿ, ನನ್ನ ಚಪ್ಪಲಿ ಇವತ್ತಿಗೂ ಅಲ್ಲೇ ಇರ್ಬೇಕು.

ಮನೆ ಜಗಲಿ ಮೇಲೆ ಬಂದು ಕೂತ್ಮೇಲೆ ದೊಡ್ಡಮ್ಮ ನಾಯಿ ಕತ್ತು ತಬ್ಕೊಂಡು ಅತ್ತಿದ್ದು ನೋಡ್ಬೇಕಿತ್ತು. ಮೂರು ವರ್ಷದ ಹಿಂದೆ ಆಸ್ಪತ್ರೇಲಿ ದೊಡ್ಡಪ್ಪನಿಗೆ ಪ್ರಜ್ಞೆ ತಪ್ಪಿದಾಗ ನರ್ಸ್ ಬಂದು, "ಹೆಸರು ಹಿಡಿದು ಜೋರಾಗಿ ಕರೀರಮ್ಮ, ನಿಮ್ಮ ಧ್ವನಿಗೆ ಕಣ್ಣು ಬಿಡಬಹುದು," ಅಂದಿದ್ಲಂತೆ. ಇವಳು "ರೀ... ರೀ..." ಅಂದ್ಲಂತೆ. ಅಷ್ಟೇ. "ಅವತ್ತು ಕರೀಬಹುದಿತ್ತಲ್ಲೇ," ಅಂದ್ಲು. "ಏನಾಗ್ತಿತ್ತು ಕರೆದಿದ್ರೆ? ನಾಲಿಗೆ ಬಿದ್ದೋಗ್ತಿತ್ತಾ?" ಬಾವೀಲಿ ಕೇಳಿದ್ದು ಯಾರ ಧ್ವನಿ ಅಂತ ಅವಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ. ನೀವೂ ಹೇಳ್ಬೇಡಿ.

ರಮೇಶ್‌ಬಾಬು ಕೂಗಾಡಿದ. "ಅಪ್ಪನ ಹೆಸರು ನಾಯಿಗಾ? ಜನ ಮುಖಕ್ಕೆ ಉಗೀತಾರೆ!" ದೊಡ್ಡಮ್ಮ ಕೇರ್ ಮಾಡ್ಲಿಲ್ಲ. ಬೀದಿಗೆಲ್ಲ ಕೇಳೋ ಹಂಗೆ ದಿನಕ್ಕೆ ಹತ್ತು ಸಲ ಕರೀತಾಳೆ ಈಗ. ಅವಳು ಕರೆದ್ರೆ ಮಾತ್ರ ಬರ್ತದೆ. ನಾವು ಅದೇ ಹೆಸರಲ್ಲಿ ಕರೆದ್ರೂ ಕ್ಯಾರೇ ಅನ್ನಲ್ಲ.

ಹೋದ ತಿಂಗಳು ದೊಡ್ಡಮ್ಮ ತೊಂಡೇಬಾವಿ ಅನ್ನೋ ಊರಿಗೆ, ತಮ್ಮನ ಮನೆಗೆ ಹೋಗಿದ್ಲು. ನಾಯಿ ನಮ್ಮ ಜಗಲಿ ಮೇಲಿತ್ತು. ರಾತ್ರಿ ಎಂಟೂವರೆ. ತೋಟದ ಕಡೆಯಿಂದ ಅವಳ ಧ್ವನಿ ಬಂತು, ಸ್ಪಷ್ಟವಾಗಿ, ಅದೇ ಹೆಸರು. ನಾಯಿ ಎದ್ದು ಹೋಯ್ತು. ನಾನು ತೊಂಡೇಬಾವಿಗೆ ಫೋನ್ ಮಾಡಿದ್ರೆ ದೊಡ್ಡಮ್ಮನೇ ಎತ್ತಿದ್ಲು, ಈ ಹೊತ್ತಲ್ಲಿ ಯಾಕೆ ಮಾಡ್ತೀಯ ಅಂತ ಬೈದ್ಲು.

ಹತ್ತು ನಿಮಿಷಕ್ಕೆ ನಾಯಿ ವಾಪಸ್ ಬಂತು, ಬಾಯಿ ನೆಕ್ಕೊಂಡು. ಆ ಕರೀ ಮೂತಿ ಮೇಲೆ ಬಿಳೀ ಅನ್ನದ ಅಗುಳು. ನಮ್ಮನೇಲಿ ಅವತ್ತು ಬರೀ ಮುದ್ದೆ. ತೋಟದಲ್ಲಿ ಯಾರೂ ಒಲೆ ಹಚ್ಚಿದ ಗುರುತಿರ್ಲಿಲ್ಲ, ಬೆಳಗ್ಗೆ ನಾನೇ ಹೋಗಿ ನೋಡಿ ಬಂದೆ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ಅಗುಳು ಒರೆಸಿದ್ದು ಈ ನನ್ನ ಕೈ. ಇನ್ನೂ ಬಿಸಿ ಇತ್ತು.